ಡೊಂಕು ಅಂಚಿನ ಕಾಗದ

ಥಾಮಸಿನ್ ವಿಕೆರಿ ವರ್ಜೀನಿಯಾದಲ್ಲಿ ಬಂದಿಳಿದಾಗ ಅವಳಿಗೆ ಹದಿನಾರು ವರ್ಷ. ಇಂಗ್ಲೆಂಡಿನ ತನ್ನೂರಲ್ಲಿ ಹೊಟ್ಟೆಗಿರಲಿಲ್ಲ. ಹಡಗಿನ ಖರ್ಚಿಗೆ ಬದಲಾಗಿ ಜೀತ ಒಪ್ಪಿಕೊಂಡು ಕಾಗದದ ಮೇಲೆ ಸಹಿಯ ಬದಲು ಗೀಟು ಹಾಕಿದ್ದಳು. ನಾಲ್ಕು ವರ್ಷ ಎಂದು ಬಂದರಿನ ಗುಮಾಸ್ತ ಓದಿ ಹೇಳಿದ್ದ. ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ಮೋಸವಾದರೆ ಅಂಚು ಹೊಂದಿಸಿ ನೋಡಲೆಂದು ನಡುವೆ ಡೊಂಕುಡೊಂಕಾಗಿ ಕತ್ತರಿಸಿ, ಒಂದು ತುಂಡು ಅವಳಿಗೆ, ಇನ್ನೊಂದು ಧಣಿಗೆ ಕೊಟ್ಟಿದ್ದರು.

ಅದೇ ಹಡಗಿನಲ್ಲಿ ಬಂದ ಒಂಬತ್ತು ಹುಡುಗಿಯರಲ್ಲಿ ಎರಡನೇ ಬೇಸಿಗೆಯ ಚಳಿಜ್ವರ ದಾಟಿದವರು ಮೂವರು. ಥಾಮಸಿನ್ ಬದುಕಿದಳು, ಆದರೆ ಅಂದಿನಿಂದ ಮೈ ಸ್ವಲ್ಪ ಬಿಸಿಯಾದರೂ ಸಾಕು, ಎದೆ ನಡುಗುತ್ತಿತ್ತು.

ಧಣಿ ಆಂಬ್ರೋಸ್ ಟ್ಯೂಕ್‌ನದು ಹೊಗೆಸೊಪ್ಪಿನ ತೋಟ. ಬಂದ ವಾರವೇ ಅವಳ ತುಂಡನ್ನು ಇಸಿದುಕೊಂಡಿದ್ದ. "ನಿನ್ ಹತ್ರ ಇದ್ರೆ ಇಲಿ ತಿನ್ನುತ್ತೆ, ಇಲ್ಲಿ ಕೊಡು."

ನಾಲ್ಕು ವರ್ಷ ಮುಗಿದ ಮೇಲೆ ಅವಳು ಕೈಕಟ್ಟಿ ನಿಂತು ಬಿಡುಗಡೆ ಕೇಳಿದಳು. ಟ್ಯೂಕ್ ಊಟದಿಂದ ತಲೆ ಎತ್ತಲಿಲ್ಲ.

"ನಾಲ್ಕಲ್ಲ, ಏಳು. ಓದೋಕೆ ಬರುತ್ತಾ ನಿಂಗೆ?"

"ಇಲ್ಲ ಧಣಿ."

"ಮತ್ತೆ ವಾದ ಯಾಕೆ? ಸೊಪ್ಪಿನ ಹುಳ ಆರಿಸು ಹೋಗು."

ಯಾರನ್ನು ಕೇಳುವುದು? ಹತ್ತಿರದ ಮನೆ ಎಂದರೂ ಹೊಳೆಯಾಚೆ ಆರು ಮೈಲಿ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ತನ್ನ ನೆನಪಿನ ಮೇಲೆಯೇ ಅನುಮಾನ ಬಂತು. ಏಳು ಎಂದೇ ಓದಿದ್ದನೇನೋ.

ಕಾಗದ ಎಲ್ಲಿದೆ ಎಂದು ಹೇಳಿದವಳು ಜೂಬಾ. ಆಫ್ರಿಕಾದಿಂದ ಹಿಡಿದು ತಂದು ಮಾರಿದ್ದ ಹೆಂಗಸು. ಧಣಿಯ ಮನೆ ಗುಡಿಸುತ್ತಿದ್ದಳು, ಹೊಲದಲ್ಲಿ ಥಾಮಸಿನ್‌ಳ ಪಕ್ಕದ ಸಾಲಿನಲ್ಲಿ ದುಡಿಯುತ್ತಿದ್ದಳು.

"ಪೆಟ್ಟಿಗೇಲಿ, ಚಳಿಗಾಲದ ಕೋಟಿನ ಕೆಳಗೆ ಐತೆ. ಅಂಚು ಹಾವು ಹರಿದಂಗೆ ಐತೆ, ಅದೇ ಅಲ್ವಾ?"

"ನೀನು ತಂದುಕೊಡ್ತೀಯಾ ಅಕ್ಕಾ?"

ಜೂಬಾ ಅವಳನ್ನೇ ದಿಟ್ಟಿಸಿದಳು. "ನಿನ್ನ ಹಿಡಿದ್ರೆ ವರ್ಷ ಜಾಸ್ತಿ ಮಾಡ್ತಾರೆ. ನನ್ನ ಹಿಡಿದ್ರೆ ಕಾಲು ಕಡೀತಾರೆ. ನಿನ್ ಕಾಗದ, ನೀನೇ ತಗೋ."

"ಹಂಗಾದ್ರೆ ಜೊತೆಗೆ ಬಾ."

"ಎಲ್ಲಿಗೆ? ನಿನ್ ಕಾಗದಕ್ಕೆ ಒಂದು ಕೊನೆ ಐತೆ. ನಂಗೆ ಕಾಗದಾನೇ ಇಲ್ಲ." ಹಾಗೆಂದು ಬಗ್ಗಿ ಮತ್ತೆ ಹುಳ ಆರಿಸತೊಡಗಿದಳು.

ಟ್ಯೂಕ್ ನ್ಯಾಯಾಲಯಕ್ಕೆ ಹೋದ ದಿನ, ನೆತ್ತಿಯ ಮೇಲೆ ಬಿಸಿಲಿರುವಾಗ, ಥಾಮಸಿನ್ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಡೊಂಕು ಅಂಚಿನ ಕಾಗದ ಒಂದಲ್ಲ, ಐದಾರು ಇದ್ದವು. ಆ ತೋಟದಲ್ಲೇ ಸತ್ತ ಹುಡುಗಿಯರವೂ ಇರಬೇಕು. ಮೂಲೆಯಲ್ಲಿ ತಾನು ಹಾಕಿದ್ದಂಥ ಗೀಟು ಕಂಡದ್ದನ್ನು ಎಳೆದುಕೊಂಡು ಲಂಗದೊಳಗೆ ತುರುಕಿದಳು. ಅವಸರದಲ್ಲಿ ಮುಚ್ಚಳ ಕೈತಪ್ಪಿ ದಢಾರನೆ ಬಿತ್ತು. ಯಾರೂ ಬರಲಿಲ್ಲ.

ಅಂದೇ ಹೊಳೆ ದಂಡೆಗೆ ಓಡಿದಳು. ಅಲ್ಲಿ ಜೋಳ ತುಂಬಿಕೊಂಡು ಉತ್ತರಕ್ಕೆ ಹೊರಟಿದ್ದ ದೋಣಿಯ ಯಜಮಾನ ಕಾಗದದ ಅಂಚಿನ ಡೊಂಕನ್ನೂ ಮೊಹರನ್ನೂ ನೋಡಿ, ಜೀತದ ಅವಧಿ ಮುಗಿದವಳೆಂದುಕೊಂಡು ತಲೆಯಾಡಿಸಿದ. ಅವನಿಗೂ ಓದು ಬರುತ್ತಿರಲಿಲ್ಲ. ಅಡುಗೆ ಮಾಡಿಕೊಂಡು ಬಾ ಎಂದ.

ಹಾಗೆ ಅವಳು ಮ್ಯಾಸಚೂಸೆಟ್ಸಿನ ಫೆನ್‌ಬರಿ ಎಂಬ ಮೀನುಗಾರರ ಊರು ಸೇರಿ, ಮೆಹಿಟಬೆಲ್ ಕ್ರೋ ಎಂಬ ವಿಧವೆಯ ಮನೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿ ಚಳಿಜ್ವರವಿರಲಿಲ್ಲ, ಹೊಟ್ಟೆ ತುಂಬ ರೈ ರೊಟ್ಟಿ ಇತ್ತು. ಆದರೆ ಗೋಡೆಗೆ ಗೋಡೆ ತಾಗಿದ ಮನೆಗಳು. ಎಲ್ಲ ಕಿಟಕಿಗೂ ಕಣ್ಣು. ಭಾನುವಾರ ಪ್ರಾರ್ಥನೆಗೆ ಬರದಿದ್ದರೆ ಕಾರಣ ಕೇಳುವವರು, ಬಂದರೆ ಯಾವೂರವಳು ಎನ್ನುವವರು. ವರ್ಜೀನಿಯಾದಲ್ಲಿ ಕೂಗಿದರೂ ಕೇಳುವವರಿರಲಿಲ್ಲ. ಇಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತಿತ್ತು. ದಕ್ಷಿಣದಿಂದ ಬಂದ ಹಡಗು ಕಂಡ ದಿನ ಅವಳು ನೀರಿಗೂ ಹೊರಗೆ ಹೋಗುತ್ತಿರಲಿಲ್ಲ. ಕಾಗದವನ್ನು ಯಾರಿಗಾದರೂ ತೋರಿಸಿ ಓದಿಸೋಣವೆಂದರೆ, ಏಳು ಎಂದಿದ್ದರೆ? ಆಗ ಅವಳು ಓಡಿಬಂದ ಜೀತದಾಳು. ಛಡಿಯೇಟು, ಮತ್ತೆ ಅದೇ ತೋಟ.

ಮೂರನೇ ತಿಂಗಳು ಊರ ಪೇದೆ ಎಲಿಫಲೆಟ್ ಡಾಡ್ ಕೈಯಲ್ಲೊಂದು ಹಾಳೆ ಹಿಡಿದು ಬಾಗಿಲಿಗೆ ಬಂದ. ಥಾಮಸಿನ್ ನೂಲುವ ರಾಟೆ ಬಿಟ್ಟು ಗೋಡೆಗೆ ಒರಗಿ ನಿಂತಳು.

"ವರ್ಜೀನಿಯಾದವಳು ನೀನೇನಾ?"

ತನ್ನ ಕಥೆ ಮುಗಿಯಿತು ಎಂದುಕೊಂಡಳು ಅವಳು. ಕೇಳುವ ಮೊದಲೇ ಲಂಗದ ಹೊಲಿಗೆ ಬಿಚ್ಚಿ ಕಾಗದ ತೆಗೆದು ವಿಧವೆಯ ಕೈಗಿಟ್ಟಳು. "ನೀವೇ ಓದಿಬಿಡಿ ಅಮ್ಮಾ. ಇನ್ನು ನನ್ ಕೈಲಾಗಲ್ಲ."

ಮೆಹಿಟಬೆಲ್ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. "ಥಾಮಸಿನ್ ವಿಕೆರಿ. ನಾಲ್ಕು ವರ್ಷ." ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹುಚ್ಚು ಹುಡುಗಿ, ನೀನು ಅಲ್ಲಿ ಒಂದು ವರ್ಷ ಪುಕ್ಕಟೆ ದುಡಿದಿದ್ದೀಯಲ್ಲೇ."

ಡಾಡ್‌ಗೆ ಏನೂ ಅರ್ಥವಾಗಲಿಲ್ಲ. ಅವನು ತಂದದ್ದು ಬೇರೆಯದೇ ಆಜ್ಞೆ: ಹೊರಗಿನಿಂದ ಬಂದವರು ಹದಿನಾಲ್ಕು ದಿನದಲ್ಲಿ ಊರು ಬಿಡಬೇಕು.

"ಇವಳು ಎಲ್ಲೂ ಹೋಗಲ್ಲ," ಎಂದಳು ಮೆಹಿಟಬೆಲ್. "ಇವಳಿಂದ ಊರಿಗೆ ಹೊರೆಯಾದ್ರೆ ನನ್ನ ಕೇಳಿ. ಹಾಗಂತ ಹೋಗಿ ಹೇಳು, ಬಾಗಿಲು ಎಳಕೊಂಡು ಹೋಗು, ಚಳಿ ಬರ್ತಿದೆ."

ಊರ ಹಿರಿಯರು ಗೊಣಗುತ್ತಲೇ ಒಪ್ಪಿದರು. ಟ್ಯೂಕ್ ಹುಡುಕಿಕೊಂಡು ಬರಲೇ ಇಲ್ಲ. ಪೆಟ್ಟಿಗೆ ತೆರೆದದ್ದಕ್ಕೆ ಅವನು ಯಾರ ಮೇಲೆ ಸಿಟ್ಟು ತೀರಿಸಿಕೊಂಡ ಎಂಬುದು ಮಾತ್ರ ಅವಳಿಗೆ ಎಂದೂ ಗೊತ್ತಾಗಲಿಲ್ಲ. ಆ ಪ್ರಶ್ನೆ ಅವಳನ್ನು ಬಿಡಲೂ ಇಲ್ಲ.

ಮುಂದೆ ಅವಳು ಪೀಪಾಯಿ ಮಾಡುವವನೊಬ್ಬನನ್ನು ಮದುವೆಯಾದಳು, ಮಕ್ಕಳ ಜೊತೆ ಕೂತು ಓದು ಕಲಿತಳು, ಕಡಲ ದಂಡೆಯಲ್ಲಿ ಒಣಮೀನು ವಿಂಗಡಿಸುವ ಕೆಲಸಕ್ಕೆ ಹೋದಳು. ಒಳ್ಳೆಯ ಮೀನು ಸ್ಪೇನಿಗೆ ಹೋಗುತ್ತಿತ್ತು. ಮುರಿದದ್ದು, ನಾರುವುದು ಗಂಡ ಮಾಡಿದ ಪೀಪಾಯಿಯಲ್ಲಿ ಕಬ್ಬಿನ ತೋಟಗಳಿರುವ ದ್ವೀಪಗಳಿಗೆ, ಅಲ್ಲಿನ ಗುಲಾಮರ ಊಟಕ್ಕೆ. ಮೊದಲ ದಿನ ಅದು ತಿಳಿದಾಗ ಅವಳ ಕೈ ನಿಂತಿತು.

"ಏನಾಯ್ತು?" ಎಂದಳು ಪಕ್ಕದವಳು.

"ಏನಿಲ್ಲ," ಎಂದು ಥಾಮಸಿನ್ ಮುಂದಿನ ಮೀನು ಎತ್ತಿಕೊಂಡಳು. ಆ ಕೆಲಸ ಬೇಡವೆಂದರೆ ಆ ಊರಿನಲ್ಲಿ ತಾನು ಮತ್ತೆ ಪರಕೀಯಳು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.