ಒಂದು ಪಾಳಿಗೆ ಒಂದೇ ಪಾಠ

ಕಳವಾ ಎಂಬ ಉಪನಗರದ ಆಸ್ಪತ್ರೆಯೊಂದರ ತುರ್ತು ವಿಭಾಗ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್‌ಶೆಡ್ಡಿನಿಂದ ಲೋಕಲ್ ರೈಲುಗಳು ಹೊರಡುವ ಸದ್ದಿನ ನಡುವೆ ಡಾ. ಪುಂಡರೀಕಾಕ್ಷ ರಾವ್ ಚಹಾ ಹೀರುತ್ತ ಇಂಟರ್ನ್‌ಗಳನ್ನು ಕೇಳುತ್ತಾರೆ: "ಹೇಳಿ ಮಾರಾಯ್ರೇ, ಇವತ್ತು ಎಂತ ಕಲೀತೀರಿ? ಒಂದೇ ಹೇಳ್ಬೇಕು."

"ಎಮರ್ಜೆನ್ಸಿ ಮೆಡಿಸಿನ್, ಸರ್," ಎನ್ನುತ್ತಾನೆ ರಂಜನ್.

"ಅಷ್ಟು ನನಗೇ ಬರುವುದಿಲ್ಲ. ಸಣ್ಣದು ಹೇಳು."

ಕೊನೆಗೆ ರಂಜನ್ ಎದೆನೋವಿನವರ ಇಸಿಜಿ ಓದುವುದಕ್ಕೆ ಇಳಿಯುತ್ತಾನೆ. ಪಾಳಿ ಮುಗಿದಾಗ ಅದನ್ನು ವಿಚಾರಿಸದೆ ಡಾಕ್ಟರು ಮನೆಗೆ ಬಿಡುವುದಿಲ್ಲ.

ಈ ಪದ್ಧತಿ ಯಾವ ವೈದ್ಯಕೀಯ ಪುಸ್ತಕದ್ದೂ ಅಲ್ಲ, ಹೋಟೆಲಿನದು. ಉಡುಪಿಯಿಂದ ಬಂದ ಡಾಕ್ಟರ ತಂದೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅಡುಗೆಗೆ ಹೊಸದಾಗಿ ಸೇರಿದವರಿಗೆ ದಿನಕ್ಕೊಂದೇ ಪಾಠ: ಇವತ್ತು ಹಿಟ್ಟಿನ ಹದ, ನಾಳೆ ಕಾವಲಿಯ ಕಾವು. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟವನ ದೋಸೆ ಕಾವಲಿಯಿಂದ ಎದ್ದದ್ದೇ ಇಲ್ಲ. 2009ರಲ್ಲಿ ಹೋಟೆಲು ಬಾಗಿಲು ಹಾಕಿತು. ಪದ್ಧತಿ ಮಗನ ಜೊತೆ ಉಳಿಯಿತು. ಆದರೆ ತಂದೆ ತಾವೇ ಪಾಠ ಗೊತ್ತುಮಾಡುತ್ತಿದ್ದರು, ಇವರು ಕೇಳುತ್ತಾರೆ. "ನಾನೇ ಹೇಳಿದ್ರೆ ಹೂಂ ಅಂತಾರೆ, ಅಷ್ಟೇ. ಅವರ ಬಾಯಲ್ಲೇ ಬರ್ಬೇಕು." ಪೇಷಂಟ್‌ಗಳ ಗರ್ದಿಯಲ್ಲಿ ಇದೆಲ್ಲ ಯಾರಿಗೆ ಬೇಕು ಎಂದು ಗೊಣಗುವ ಸಹೋದ್ಯೋಗಿಗಳೂ ಇದ್ದಾರೆ.

ಈಚೆಗೆ ಅವರಿಗೊಂದು ಚಿಂತೆ ಹತ್ತಿದೆ. ಕಾಮೋಠೆಯಿಂದ ಬರುವ ಇಂಟರ್ನ್ ಶ್ರೀಪ್ರಿಯಾ ದಿನವೂ ತನಗೆ ಬರುವುದನ್ನೇ ಹೇಳಿ ಪಾರಾಗುತ್ತಾಳೆ: ಹೊಲಿಗೆ, ಸಲೈನ್. ಕೈ ಚುರುಕು. ರೋಗಿಯ ಮನೆಯವರೆದುರು ನಿಲ್ಲಬೇಕಾದಾಗ ಮಾತ್ರ ಮಾಯ. ಇಂಟರ್ನ್‌ಶಿಪ್ ಮುಗಿದರೆ ರೋಗಿಗಳ ಸಹವಾಸವೇ ಬೇಡ, ಲ್ಯಾಬ್ ಸೇರುತ್ತೇನೆ ಎಂದೂ ಹೇಳಿಬಿಟ್ಟಿದ್ದಾಳೆ. ಒಳ್ಳೆಯ ಡಾಕ್ಟರೊಬ್ಬಳು ಕೈತಪ್ಪಿ ಹೋಗುತ್ತಾಳಲ್ಲ ಎಂಬ ಸಂಕಟ ಇವರದು.

ಇವತ್ತು ಅವಳನ್ನು ಬೇರೆ ರೀತಿ ಕೇಳುತ್ತಾರೆ: "ಬರುವುದು ಬೇಡ ಮಾರಾಯ್ತಿ. ಹೆದರಿಕೆ ಯಾವುದಕ್ಕೆ?"

"ಕೆಟ್ಟ ಸುದ್ದಿ ಹೇಳೋದು, ಸರ್. ವೋ ಮುಝ್‌ಸೆ ನಹೀ ಹೋತಾ, ನನ್ನಿಂದ ಆಗೋದಿಲ್ಲ."

"ಹಾಗಾದ್ರೆ ಇವತ್ತು ಅದೇ. ಕೂತುಕೊಂಡು ಹೇಳು, ಗೊತ್ತಿದ್ದಷ್ಟೇ ಹೇಳು. ನಾನು ಹತ್ತಿರ ಇರ್ತೇನೆ, ಬಾಯಿ ಹಾಕುವುದಿಲ್ಲ."

ಸ್ವಲ್ಪ ಹೊತ್ತಿನಲ್ಲೇ ಯಂಕಪ್ಪ ಎಂಬ ರೋಗಿಯನ್ನು ಕರೆತರುತ್ತಾರೆ. ತೀವ್ರ ಹೃದಯಾಘಾತ. ಹೊರಗೆ ಬೆಂಚಿನ ಮೇಲೆ ಹೆಂಡತಿ ಶರಣಬಸಮ್ಮ. ಶ್ರೀಪ್ರಿಯಾ ಹೋಗಿ ಪಕ್ಕದಲ್ಲಿ ಕೂರುತ್ತಾಳೆ. ಚಿಕ್ಕಮ್ಮ ಎನ್ನುವ ಹಾಗೆ ಮೌಶಿ ಎಂದು ಕರೆಯುತ್ತಾಳೆ. ಪುಂಡರೀಕಾಕ್ಷರು ನಾಲಿಗೆ ಕಚ್ಚಿ ಹಿಡಿದು ನಿಲ್ಲುತ್ತಾರೆ.

"ಹಾರ್ಟ್ ಅಟ್ಯಾಕ್ ಜೋರಾಗಿದೆ, ಮೌಶಿ. ಔಷಧಿ ಕೊಟ್ಟಿದ್ದೇವೆ. ಆದ್ರೂ... ಉಳಿಯದೇ ಇರ್ಬಹುದು."

"ಉಳೀತಾರೋ ಇಲ್ಲೋ, ಒಂದು ಹೇಳವ್ವಾ!"

"ಗೊತ್ತಿಲ್ಲ ಮೌಶಿ. ಗೊತ್ತಾದ ಕೂಡ್ಲೆ ನಾನೇ ಬಂದು ಹೇಳ್ತೇನೆ."

ಮಾತಿನಂತೆ ಅವಳೇ ಬರುತ್ತಾಳೆ. ಹೇಳಬೇಕಾದದ್ದು ಯಂಕಪ್ಪ ಇನ್ನಿಲ್ಲ ಎಂದು. ಶರಣಬಸಮ್ಮ ಅವಳ ಕೈಯನ್ನೇ ಹಿಡಿದು ಅಳುತ್ತಾರೆ. ಅವಳು ಬಿಡಿಸಿಕೊಳ್ಳುವುದಿಲ್ಲ.

ಪಾಳಿ ಮುಗಿದಾಗ ಡಾಕ್ಟರು ಕೇಳುತ್ತಾರೆ, "ಕಲಿತೆಯಾ?"

"ಇಲ್ಲ ಸರ್." ಕಣ್ಣೊರೆಸಿಕೊಳ್ಳುತ್ತಾಳೆ. "ನಾಳೆಯೂ ಇದೇ ಇರ್ಲಿ."

ಅವಳು ಸ್ಟೇಷನ್ ಕಡೆ ಹೋಗುವುದನ್ನೇ ನೋಡುತ್ತ ನಿಂತ ಪುಂಡರೀಕಾಕ್ಷರ ಮುಖ ಅರಳುತ್ತದೆ.

"ನಾಳೆ ಬರ್ತಾಳಂತೆ. ನನಗೆ ಅಷ್ಟು ಸಾಕು."