ಟಗರು ಗುದ್ದಿದ ಮೇಲೆ

ತಾರವ್ವನಿಗೆ ಗಂಡನ ಮೊದಲ ಪೆಟ್ಟು ಬಿದ್ದ ದಿನ ಮನೆಯಲ್ಲಿ ಹಬ್ಬ ಮಾಡಿದರು. ಸುಳ್ಳಲ್ಲ. ಹಿತ್ತಾಳೆ ತಂಬಿಗೆ ಹಣೆಗೆ ಬಡಿದು ಅವಳು ಹೊಸ್ತಿಲ ಮೇಲೆ ಕುಸಿದಳು. ಅತ್ತೆ ಲಗಮವ್ವ ಅವಳ ಕಡೆ ತಿರುಗಿಯೂ ನೋಡಲಿಲ್ಲ. ದೇವರ ಮುಂದಿನ ಭಂಡಾರ ತಂದು ಮಗನ ತಲೆಯ ಮೇಲೆ ಎರಚಿ, "ಬಂದಾನವ್ವಾ, ನನ್ನ ಮಗಾ ತಿರುಗಿ ಬಂದಾನ!" ಎಂದು ಕುಣಿದಳು. ಆ ಅರಿಶಿನದ ಒಂದಿಷ್ಟು ಪುಡಿ ಹಾರಿ ಬಂದು ತಾರವ್ವನ ಗಾಯಕ್ಕೂ ಬಿತ್ತು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಔಷಧ ಅಷ್ಟೇ.

ಮುದುಕಿ ಕೆಟ್ಟವಳು ಎಂದು ಎರಡು ಬೈಗುಳ ಬೈದು ಮುಂದೆ ಹೋಗಬಹುದಿತ್ತು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅವಳು ಮಾಡಿದ್ದು ತಪ್ಪು ಲೆಕ್ಕ. ಗಡಹಿಂಗ್ಲಜದ ಮಗ್ಗುಲಿನ ಊರಿನ ಕುರುಬರ ಮನೆ ಅದು. ಕುರಿ ಹಿಂಡಿನ ಜೊತೆಗೆ ಕಾಳಗದ ಟಗರು ಸಾಕುವವರು. ಡಿಕ್ಕಿ ಹೊಡೆದು ಹೊಡೆದು ಟಗರು ಮಂಕಾದರೆ ಅದನ್ನು ನೆರಳಿಗೆ ಕಟ್ಟಿ, ಬಾಯಿಗೆ ನೀರು ಬಿಟ್ಟು ಕಾಯುತ್ತಾರೆ. ಎದುರಿಗೆ ಬಂದವರನ್ನು ಗುದ್ದಲು ಎದ್ದಿತೋ, ಆರಾಮಾಯಿತು ಎಂದೇ ತಿಳಿಯುತ್ತಾರೆ. ಲಗಮವ್ವ ಹೆತ್ತ ಮಗನನ್ನೂ ಹಾಗೇ ಕಾದಿದ್ದಳು.

ಮಗ ಮಲ್ಲಾರಿಯನ್ನು ಮಂಕು ಮಾಡಿದ್ದೂ ಟಗರೇ. ಇಚಲಕರಂಜಿಯ ಕಡೆ ಒಂದು ಕಾಳಗ ಮುಗಿಸಿ, ಟೆಂಪೋಗೆ ಹತ್ತಿಸಲು ಹಗ್ಗ ಹಿಡಿದು ಬಗ್ಗಿದ್ದ. ರಕ್ತದ ವಾಸನೆಗೆ ರೊಚ್ಚಿಗೆದ್ದ ಅವನದೇ ಟಗರು ಹಿಂದೆ ಸರಿದು ಬಂದು ಗುದ್ದಿತು. ತಲೆಯ ಒಂದು ಕಡೆ ಕೊಂಬು, ಇನ್ನೊಂದು ಕಡೆ ಟೆಂಪೋದ ಕಬ್ಬಿಣ. ಕಿವಿಯಿಂದ ರಕ್ತ ಬಂತು. ಕೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ತಲೆ ಬಿಚ್ಚಿ ಹೊಲಿದು ಬದುಕಿಸಿದರು.

ಅದಕ್ಕೂ ಮೊದಲು ಎಂಥ ಗಂಡಸು ಅವನು! ಮಳೆ ಬಂದರೆ ಮೊದಲು ಕುರಿಮರಿಯ ಮೇಲೆ, ಆಮೇಲೆ ಹೆಂಡತಿಯ ಮೇಲೆ ಕಂಬಳಿ ಹೊದಿಸಿ, ತಾನು ನೆನೆಯುತ್ತ ನಗುವವನು. "ಮರೀಕಿಂತ ನಾ ಕಡಿಮಿ ಏನ್ರಿ?" ಎಂದು ತಾರವ್ವ ಕೆಣಕಿದರೆ, "ಮರಿ ಜಗಳಾ ಮಾಡೂದಿಲ್ಲ ನೋಡು" ಅನ್ನುತ್ತಿದ್ದ. ಆಸ್ಪತ್ರೆಯಿಂದ ಬಂದವನು ಮಾತಿಲ್ಲದೆ ಗೋಡೆ ನೋಡುತ್ತ ಕುಳಿತ. ಆಮೇಲೆ ಒಂದು ದಿನ ಆ ತಂಬಿಗೆ.

ಅಲ್ಲಿಂದ ಶುರುವಾಯಿತು. ಉಪ್ಪು ಹೆಚ್ಚಾದರೆ ಪೆಟ್ಟು, ಪಾತ್ರೆ ಸದ್ದಾದರೆ ಪೆಟ್ಟು, ಏನೂ ಆಗದಿದ್ದರೂ ಪೆಟ್ಟು. ಜುಟ್ಟು ಹಿಡಿದು ಗೋಡೆಗೆ ಬಡಿಯುತ್ತಿದ್ದ. ಒಮ್ಮೆ ಒರಳಿಗೆ ಬಡಿದಾಗ ತಾರವ್ವ ಎಚ್ಚರ ತಪ್ಪಿ, ಎದ್ದಾಗ ಎಲ್ಲಿದ್ದೇನೆಂದು ತಿಳಿಯದೆ ಅತ್ತಳು. "ಗಂಡ ಜೀವಂತ ಅದಾನಲ್ಲ, ಸುಮ್ಮಕಿರು. ಆರಾಮಾದ ಗಂಡಸಿನ ಕೈ ಅದು" ಎಂದಳು ಲಗಮವ್ವ. ಇನ್ನೊಂದು ಸಲ ಹೀಗಾದರೆ ತಾನು ಏಳುವುದಿಲ್ಲ ಎಂಬುದು ತಾರವ್ವನಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಬದುಕಬಹುದು. ಆದರೆ ಗಂಡನ ಕೈ ಆರಾಮಾಗಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಊರೆಲ್ಲ ಅವನು ಬದುಕಿ ಬಂದ ಎಂದು ಕೊಂಡಾಡುತ್ತಿತ್ತು.

ತಲೆಗೆ ಪೆಟ್ಟು ಬಿದ್ದವರು ಮನೆಗೆ ಹೋದ ಮೇಲೆ ಏನಾಗುತ್ತಾರೆ ಎಂದು ಆ ಆಸ್ಪತ್ರೆಯ ಡಾಕ್ಟರುಗಳು ಸಂಶೋಧನೆ ನಡೆಸಿದ್ದರು. ಮೊದಲು ಫೋನು ಬಂದಾಗ ಲಗಮವ್ವನೇ ಕಸಿದುಕೊಂಡು, "ಫಸ್ಟ್ ಕ್ಲಾಸ್ ಅದಾನ್ರಿ, ಹುಲಿ ಆಗ್ಯಾನ!" ಎಂದಿದ್ದಳು. ವರ್ಷವಾದ ಮೇಲೆ ಕಣ್ಣಾರೆ ನೋಡಬೇಕೆಂದು ಪ್ರಿಯದರ್ಶನಿ ಎಂಬ ಹುಡುಗಿ ಆಸ್ಪತ್ರೆಯ ಜೀಪಿನಲ್ಲಿ ಬಂದಳು. ಜಯಸಿಂಗಪುರದ ಜೈನರ ಮಗಳು, ಮನೆಮಾತು ಕನ್ನಡ.

ಮಲ್ಲಾರಿ ಎಲ್ಲ ಪ್ರಶ್ನೆಗೂ "ನನಗೇನಾಗೈತಿ?" ಎಂದ. ಲಗಮವ್ವ ಹೌದೆಂದು ತಲೆಯಾಡಿಸಿದಳು.

"ಜೋಡಿ ಇರೋರು ಬ್ಯಾರೆ ಹೇಳಬೇಕ್ರಿ. ತಾರವ್ವಾರೆ, ನೀವು ಹೇಳ್ರಿ. ದಿನಾ ತಲಿ ನೋಯ್ತೈತೇನ್ರಿ?"

ಪ್ರಿಯದರ್ಶನಿ ಕೇಳಿದ್ದು ಗಂಡನ ತಲೆಯ ಬಗ್ಗೆ. ಇಲ್ಲ ಅನ್ನಬೇಕೆಂದೇ ತಾರವ್ವ ಕುಳಿತಿದ್ದಳು. ಆದರೆ ಅವಳ ತಲೆಯ ಬಗ್ಗೆ ಯಾರೂ ಇದುವರೆಗೆ ಕೇಳಿರಲಿಲ್ಲ. ಬಾಯಿ ತಾನೇ ತೆರೆಯಿತು. "ನೋಯ್ತೈತ್ರಿ. ಭಾಳ."

"ಕಣ್ಣಿಗೆ ಕತ್ತಲಿ?"

"ಬಗ್ಗಿ ಎದ್ರ ಸಾಕ್ರಿ."

"ಮರವು?"

"ಮೊನ್ನೆ ನಮ್ಮ ತಂಗಿ ಹೆಸರ ನೆನಪಾಗ್ಲಿಲ್ರಿ."

"ತಾರೀ, ಏನ್ ಬಡಬಡಸಾಕತ್ತೀ?" ಎಂದು ಅತ್ತೆ ಗದರಿದಳು.

ಪ್ರಿಯದರ್ಶನಿ ಕೈ ಎತ್ತಿ ತಡೆದು ಕೇಳಿದಳು, "ವಾಸನಿ ತಿಳೀತೈತ್ರಿ?"

"ಇಲ್ರಿ. ಹಂಚಿನ ಮ್ಯಾಗಿನ ರೊಟ್ಟಿ ಸೀದ್ರೂ ತಿಳಿಯೂದಿಲ್ರಿ."

"ಏ, ನಾ ಯಾವಾಗ ರೊಟ್ಟಿ ಮಾಡೇನಿ?" ಮಲ್ಲಾರಿ ಒದರುತ್ತ ಎದ್ದ. ಪರರ ಮಗಳೊಬ್ಬಳು ಎದುರಿಗೆ ಕುಳಿತಿದ್ದಾಳೆ ಎಂಬುದೂ ಅವನಿಗೆ ಕಾಣಲಿಲ್ಲ. ಮುಷ್ಟಿ ಕಟ್ಟಿ ಹೆಂಡತಿಯ ಕಿವಿಯ ಮೇಲೆ ಗುದ್ದಿದ. ತಾರವ್ವ ನೆಲಕ್ಕೆ ಬಿದ್ದಳು. ಮತ್ತೊಂದು ಗುದ್ದಿಗೆ ಬಗ್ಗಿದವನ ತೋಳನ್ನು ಪ್ರಿಯದರ್ಶನಿ ಎರಡೂ ಕೈಯಿಂದ ಜೋತುಬಿದ್ದು ಹಿಡಿದಳು. ಅವಳ ಕೂಗಿಗೆ ಜೀಪಿನ ಡ್ರೈವರ್ ಓಡಿ ಬಂದು ಅವನನ್ನು ಗೋಡೆಗೆ ಒತ್ತಿದ.

"ನೋಡಿದ್ರಲ್ಲ!" ಲಗಮವ್ವನ ಮುಖ ಹಿಗ್ಗಿತ್ತು, ಆ ಮೂಢ ಜೀವಕ್ಕೆ ಆಗಲೂ ಹೆಮ್ಮೆ. "ಎಂಥಾ ಕಸುವು ಐತಿ! ಆರಾಮ ಅದಾನ ಅಂತ ಬರಕೋರಿ."

"ಇದು ಆರಾಮಲ್ಲ, ಅಜ್ಜಿ. ಗಾಯ ಇನ್ನೂ ಒಳಗ ಐತಿ. ಸಿಟ್ಟಿನ ರೂಪದಾಗ ಹೊರಗ ಬರಾಕತ್ತೈತಿ. ಇವರನ್ನ ಮೊದಲ ತೋರಸಬೇಕಿತ್ತು." ಏದುಸಿರು ಬಿಡುತ್ತ ಪ್ರಿಯದರ್ಶನಿ ತಾರವ್ವನ ಪಕ್ಕ ಕುಳಿತಳು. ಸೆರಗು ಸರಿಸಿ ನೋಡಿದಳು. ಕೂದಲ ಸಂದಿನಲ್ಲಿ ಹಳೆಯ ಗಾಯ, ಹೊಸ ಗಾಯ, ಬಾವು. "ಅಕ್ಕಾ, ಆಗಿಂದ ಹೇಳಿದ್ದೆಲ್ಲಾ ಯಾರಿಗೆ ಆಗಾಕತ್ತೈತಿ?"

ತಾರವ್ವ ಅತ್ತೆಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಹೆದರಿಕೆ ಹೋಗಿರಲಿಲ್ಲ. ಹೆದರುತ್ತಲೇ ಹೇಳಿದಳು, "ನನಗ್ರಿ."

ಅದೇ ಜೀಪಿನಲ್ಲಿ ಅವಳನ್ನು ಕೊಲ್ಲಾಪುರಕ್ಕೆ ಒಯ್ದರು. ಸ್ಕ್ಯಾನಿನಲ್ಲಿ ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಇನ್ನು ಕೆಲವು ದಿನ ತಡೆದಿದ್ದರೆ ಹೆಣ ನೋಡಬೇಕಾಗುತ್ತಿತ್ತು ಎಂದರು ಡಾಕ್ಟರು. ಮಲ್ಲಾರಿಯನ್ನು ಅವನ ತಮ್ಮ ಕರೆತಂದು ಬೇರೆ ವಾರ್ಡಿಗೆ ಸೇರಿಸಿದ. ಔಷಧಿ ಶುರುವಾಯಿತು. ಅವನು ಮೊದಲಿನಂತಾಗುತ್ತಾನೋ ಇಲ್ಲವೋ, ಅಲ್ಲಿನ ಯಾರೂ ಮಾತು ಕೊಡಲಿಲ್ಲ.

ಆಪರೇಶನ್ ಆಗಿ ಕಣ್ಣು ಬಿಟ್ಟ ತಾರವ್ವನ ಮಂಚದ ಹತ್ತಿರ ಪ್ರಿಯದರ್ಶನಿ ಬಂದಳು. ಅವಳನ್ನೂ ಸಂಶೋಧನೆಗೆ ಸೇರಿಸಿಕೊಳ್ಳಲು ಒಪ್ಪಿಗೆ ಬೇಕಿತ್ತು. ಬಾಗಿಲಲ್ಲಿ ಲಗಮವ್ವ ನಿಂತಿದ್ದಳು. ಒಳಗೆ ಬರಬೇಕೋ ಬೇಡವೋ ತಿಳಿಯದೆ ಸೆರಗು ಕಚ್ಚಿಕೊಂಡಿದ್ದಳು.

"ಅಕ್ಕಾ, ಮುಂದ ನಾವು ಫೋನ್ ಮಾಡಿ ನಿಮ್ಮ ತಬ್ಬೇತ ಹೆಂಗೈತಿ ಅಂತ ಕೇಳ್ತೇವಿ. ಮನಿಯವರ ಪೈಕಿ ಯಾರ ಜೋಡಿ ಮಾತಾಡೂಣು? ಅತ್ತಿಯವರ ಜೋಡಿ?"

ಬ್ಯಾಂಡೇಜು ಸುತ್ತಿದ ತಲೆಯನ್ನು ತಾರವ್ವ ಮೆಲ್ಲಗೆ ಅಲ್ಲಾಡಿಸಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು.

"ಬ್ಯಾಡ್ರಿ," ಎಂದಳು. "ಫೋನ್ ನನಗ ಮಾಡ್ರಿ. ನನ್ನ ತಲಿ ಹೆಂಗೈತಿ ಅಂತ ನಾನ ಹೇಳ್ತೇನಿ."