ಸ್ವರ ಹೋದ ಮೇಲಿನ ಭಾನುವಾರಗಳು

ಬ್ಲೌಸಿಗೆ ಅಳತೆ ತೆಗೆಯುತ್ತಿದ್ದ ಟೈಲರ್ ಹೆಂಗಸು ನನ್ನ ಕುತ್ತಿಗೆಯನ್ನೇ ನೋಡುತ್ತ ನಿಂತಳು. "ಅಕ್ಕಾ, ಇಂಗೆ ವೀಕ್ಕಂ ಇರುಕ್ಕು." ಏನೋ ಊದಿಕೊಂಡಿದೆಯಂತೆ. ಮುಟ್ಟಿ ನೋಡಿಕೊಂಡೆ. ನೋವಿಲ್ಲದ ಗಂಟು. ಎಂಜಲು ನುಂಗಿದರೆ ಅದೂ ಮೇಲೆ ಕೆಳಗೆ ಆಡುತ್ತಿತ್ತು.

ಸ್ಕ್ಯಾನ್. ಬಯಾಪ್ಸಿ. ಕಾಯುವುದು.

ಥೈರಾಯ್ಡ್ ಕ್ಯಾನ್ಸರ್.

ಆಪರೇಷನ್ ಆಗಿ ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದ ಗಂಡನನ್ನು "ರೀ" ಎಂದು ಕರೆದೆ. ಬರೀ ಗಾಳಿ ಬಂತು. ಗಂಟು ಸ್ವರದ ನರಕ್ಕೆ ಅಂಟಿಕೊಂಡಿತ್ತೆಂದು ಡಾಕ್ಟರ್ ವಿವರಿಸಿದರು. "ಕ್ಯಾನ್ಸರ್ ಪೂರ್ತಿ ತೆಗೆದಿದ್ದೇವೆ. ಎಡಗಡೆ ವೋಕಲ್ ಕಾರ್ಡ್ ಅಲುಗ್ತಾ ಇಲ್ಲ. ದನಿ ಬರಬಹುದು, ಕಾದು ನೋಡಬೇಕು."

"ಹಾಡೋದು?" ಎಂದು ಇವರು ಕೇಳಿದರು.

ಡಾಕ್ಟರ್ ಸ್ಪೀಚ್ ಥೆರಪಿಗೆ ಚೀಟಿ ಬರೆದುಕೊಟ್ಟರು.

ಮದುವೆಯಾಗಿ ಮೈಸೂರಿನಿಂದ ಚೆನ್ನೈಗೆ ಬಂದಾಗಿನಿಂದ ನಮ್ಮ ಕನ್ನಡ ಚರ್ಚಿನ ಸಭೆಯ ಕ್ವಯರ್‌ನಲ್ಲಿ ಹಾಡಿದವಳು ನಾನು. ಕಣ್ಣು ಮುಚ್ಚಿ ಮಾತಿನಲ್ಲಿ ದೇವರನ್ನು ಬೇಡುವುದು ನನಗೆಂದೂ ಸರಿಯಾಗಿ ಬಂದಿರಲಿಲ್ಲ. ಪ್ರಾರ್ಥನೆ ಎಂದರೆ ನನಗೆ ಹಾಡೇ ಆಗಿತ್ತು. ಹೊಲಿಗೆ ಬಿಚ್ಚಿದ ಮೇಲೆ ಒಂದು ಭಾನುವಾರ ಹೋದೆ. ಎಲ್ಲರೂ ನನ್ನ ಗಂಟಲು ನೋಡಿದರು. ಕೀರ್ತನೆ ಶುರುವಾದೊಡನೆ ಎದ್ದು ಹೊರಗೆ ಬಂದುಬಿಟ್ಟೆ.

"ಬೇರೆ ಎಲ್ಲಾದ್ರೂ ಹೋಗೋಣ," ಎಂದರು ಇವರು. "ನಮ್ಮ ಗುರುತಿಲ್ಲದ ಕಡೆ."

ಕೋಡಂಬಾಕ್ಕಂನ ಒಂದು ಕ್ಯಾಥೊಲಿಕ್ ಚರ್ಚಿನಲ್ಲಿ ಪಕ್ಕದ ಅಜ್ಜಿ ನನ್ನ ಕೈಗೆ ಮೇಣದಬತ್ತಿ ಕೊಟ್ಟು ಮಾತೆಯ ಪ್ರತಿಮೆಯತ್ತ ತೋರಿಸಿದರು. ಪ್ರೊಟೆಸ್ಟಂಟರಾದ ನಮ್ಮಲ್ಲಿ ಆ ರೂಢಿಯಿಲ್ಲ. ಅತ್ತೆ ನೋಡಿದ್ದರೆ ಮಾತು ಬಿಡುತ್ತಿದ್ದರು. ಹಚ್ಚಿದೆ. ಏನೂ ಹೇಳಬೇಕಾಗಿರಲಿಲ್ಲ, ಅದೇ ಸಮಾಧಾನ. ಇನ್ನೊಂದು ವಾರ ಮಲಯಾಳಿಗಳ ಆರ್ಥೊಡಾಕ್ಸ್ ಚರ್ಚಿನಲ್ಲಿ ಧೂಪದ ಹೊಗೆಗೆ ಕೆಮ್ಮುತ್ತ ನಿಂತೆ. ಭಾಷೆ ಅರ್ಥವಾಗಲಿಲ್ಲ. ಆದರೂ ಹೊರಗಿನವಳು ಅನ್ನಿಸಲಿಲ್ಲ.

ಅಂಬತ್ತೂರಿನಲ್ಲಿ, ಟೈರ್ ಅಂಗಡಿಯ ಮೇಲಿನ ಪ್ರಾರ್ಥನಾ ಹಾಲ್‌ನಲ್ಲಿ, ಪಾಸ್ಟರ್ ನನ್ನ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದರು. "ಪೇಸಮ್ಮಾ, ಪೇಸು!" ಮಾತಾಡಮ್ಮಾ, ಮಾತಾಡು. ಡ್ರಮ್ ನಿಂತಿತು. ಇಡೀ ಹಾಲ್ ಕಾಯುತ್ತಿತ್ತು. ಬಾಯಿ ತೆರೆದೆ.

ಗಾಳಿ.

ಮುಖ ತೋರಿಸಲಾರದೆ ಮೆಟ್ಟಿಲಿಳಿದೆ. ಪಾಸ್ಟರ್ ಹೆಂಡತಿ ಹಿಂದೆಯೇ ಬಂದರು. ತಲೆಯ ಮೇಲಿನ ಸೆರಗು ಸರಿಸಿ ಕಿವಿಯ ಹಿಂದಿನ ಮೆಷಿನ್ ತೋರಿಸಿದರು. "ನಂಗೆ ಕಿವಿ ಕೇಳ್ಸಲ್ಲ ಸಿಸ್ಟರ್," ಎಂದರು ತಮಿಳಿನಲ್ಲಿ. "ಇವರು ದಿನಾ ನನಗೋಸ್ಕರ ಪ್ರೇಯರ್ ಮಾಡ್ತಾರೆ. ನಿಮಗೆ ನಂಬಿಕೆ ಸಾಲದು ಅಂತ ಯಾರಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡಿ." ಪಿಸುದನಿಯಲ್ಲಿ ಥ್ಯಾಂಕ್ಸ್ ಅಂದೆ. ಅದು ಅವರಿಗೆಲ್ಲಿ ಕೇಳಬೇಕು? ಇಬ್ಬರಿಗೂ ನಗು ಬಂತು.

ಗುಣವಾಗದೆಯೂ ಪ್ರಾರ್ಥನೆ ನಿಲ್ಲದ ಮನೆಯೊಂದಿದೆ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತೆ. ನಾನೋ, ದನಿ ಕೊಟ್ಟರಷ್ಟೇ ಮಾತು ಎಂದು ದೇವರ ಮೇಲೆ ಮುನಿಸಿಕೊಂಡಿದ್ದೆ.

ಸ್ಪೀಚ್ ಥೆರಪಿಯಿಂದ ಈಗ ಸ್ವಲ್ಪ ದನಿ ಬಂದಿದೆ. ಒರಟು ದನಿ, ಬೇಗ ಸೋಲುತ್ತದೆ. ಕ್ಯಾನ್ಸರ್ ಸದ್ಯಕ್ಕಿಲ್ಲ. ಕಳೆದ ಭಾನುವಾರ ನಮ್ಮ ಸಭೆಗೇ ಹೋಗಿ, ಮಗಳು ಎಸ್ತರ್ ಜೊತೆ ಹಿಂದಿನ ಬೆಂಚಿನಲ್ಲಿ ಕೂತೆ. ಇಲ್ಲೇ ಓದಿದ ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಕೀರ್ತನೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

"ಅಮ್ಮಾ, ನೀ ಸೊಲ್ಲು. ನಾನ್ ಪಾಡುರೇನ್." ನೀನು ಹೇಳಿಕೊಡು, ನಾನು ಹಾಡ್ತೀನಿ.

ಒಂದೊಂದೇ ಸಾಲನ್ನು ಅವಳ ಕಿವಿಯಲ್ಲಿ ಉಸುರಿದೆ. ಅವಳು ಹಾಡಿದಳು. ಕೊನೆಯ ಚರಣಕ್ಕೆ ನನಗೆ ಉಸಿರು ಸಾಲಲಿಲ್ಲ. ಅವಳು ಕಾದಳು. ಕ್ವಯರ್ ಮುಗಿಸಿ ಕೂತಿತು. ನಾವಿಬ್ಬರೂ ನಿಧಾನವಾಗಿ ಉಳಿದ ಸಾಲುಗಳನ್ನು ಮುಗಿಸಿದೆವು.